ಬಲಗಿವಿಯಲ್ಲಿ ಅರ್ಧ ಸ್ವರ ಕೆಳಗೆ

ನಮ್ಮ ಬ್ಯಾಂಡಿನಲ್ಲಿ ನಾಲ್ಕೇ ಜನ. ಹಾಡುತ್ತಲೇ ಗಿಟಾರ್ ನುಡಿಸುವವನು ಇಲ್ಲಿ ಸಿಂಗಾಪುರದಲ್ಲೇ ಹುಟ್ಟಿ ಬೆಳೆದ ಯುರೇಷಿಯನ್, ಎಂದರೆ ಯುರೋಪ್ ಏಷ್ಯಾಗಳ ಮಿಶ್ರ ಮೂಲದವನು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಎರಡನೆಯ ಗಿಟಾರಿನವನು ಚೀನೀಯ, ವಾಚ್ ರಿಪೇರಿ ಅಂಗಡಿಯವನು. ಡ್ರಮ್ಸ್ ಬಾರಿಸುವವನು ಮಲಯ್, ಬಸ್ ಡ್ರೈವರ್. ನನ್ನದು ಬೇಸ್ ಗಿಟಾರ್. ಹೊಟ್ಟೆಪಾಡಿಗೆ ಸೆಲೆಟಾರಿನಲ್ಲಿ ವಿಮಾನದ ಎಂಜಿನ್‌ಗಳನ್ನು ದುರಸ್ತಿ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಇಪ್ಪತ್ತಾರು ವರ್ಷ ನಾವು ನಾಲ್ವರೂ ಪ್ರತಿ ಭಾನುವಾರ ಬೆಳಿಗ್ಗೆ, ಹಳೆಯ ಕಾರ್ಖಾನೆ ಕಟ್ಟಡವೊಂದರ ಐದನೇ ಮಹಡಿಯ ಸ್ಟುಡಿಯೋದಲ್ಲಿ ಸೇರಿದ್ದೇವೆ. ಮದುವೆ, ಮಕ್ಕಳು, ಒಬ್ಬನ ವಿಚ್ಛೇದನ, ಇನ್ನೊಬ್ಬನ ಬೈಪಾಸ್ ಆಪರೇಷನ್, ಯಾವುದಕ್ಕೂ ಎರಡು ಭಾನುವಾರಕ್ಕಿಂತ ಹೆಚ್ಚು ತಪ್ಪಿಸಿದ್ದಿಲ್ಲ.

ನಮ್ಮನ್ನು ಒಂದುಗೂಡಿಸಿದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಒಂದು ರಾಕ್ ಬ್ಯಾಂಡ್. ನನಗೆ ಅದು ಸಿಕ್ಕಿದ್ದು ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿ ಇಳಿಸಿ ಸವೆದುಹೋದ ಒಂದು ಪ್ರತಿಯಲ್ಲಿ. ಮೂರು ಗಿಟಾರ್‌ಗಳು. ಒಂದು ಹೇಳಿದ್ದನ್ನು ಇನ್ನೊಂದು ತಿರುಗಿ ಹೇಳುತ್ತದೆ, ಮೂರನೆಯದು ಒಪ್ಪುವುದಿಲ್ಲ, ಹಾಡು ಹಾಗೆಯೇ ಹದಿನೈದು ನಿಮಿಷ ಮುಂದುವರಿಯುತ್ತದೆ. ಅದರಲ್ಲೊಬ್ಬ ಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುತ್ತಿದ್ದ, ಸ್ಲೈಡ್ ಎನ್ನುತ್ತಾರೆ ಅದಕ್ಕೆ. ನಮ್ಮ ಕಡೆ ವೀಣೆಯ ಗಮಕ ಕೇಳಿ ಬೆಳೆದ ಕಿವಿಗೆ ಆ ಜಾರುವಿಕೆ ಹೊಸದೆನಿಸಲಿಲ್ಲ. ಆ ಬ್ಯಾಂಡಿನಲ್ಲಿ ಇಬ್ಬರು ಪ್ರಾಯದಲ್ಲೇ ಸತ್ತರು. ಒಬ್ಬ ಜಗಳವಾಡಿ ಬಿಟ್ಟುಹೋದ, ಹನ್ನೊಂದು ವರ್ಷದ ಮೇಲೆ ಕುಡಿತ ಬಿಟ್ಟು ಮರಳಿ ಬಂದ. ಹೊಸ ಆಲ್ಬಮ್ ಬರುವುದು ನಿಂತೇ ಎಷ್ಟೋ ಕಾಲವಾಗಿತ್ತು. ಊರಿಂದೂರಿಗೆ ಹೋಗಿ ನುಡಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ಅವರ ಕಾನ್ಸರ್ಟ್‌ಗಳ ರೆಕಾರ್ಡಿಂಗ್‌ಗಳನ್ನು ನಾವು ಕೂಡಿಹಾಕುತ್ತಿದ್ದೆವು. ಅದೇ ಹಾಡು ಒಂದು ಊರಿನಲ್ಲಿ ಹನ್ನೊಂದು ನಿಮಿಷ, ಇನ್ನೊಂದು ಊರಿನಲ್ಲಿ ಹತ್ತೊಂಬತ್ತು. ಆ ಎಂಟು ನಿಮಿಷಗಳಲ್ಲಿ ಏನು ನಡೆಯಿತೆಂದು ನಾವು ನಾಲ್ವರೂ ಕೋಪಿ, ಎಂದರೆ ಈ ಊರಿನ ಕಾಫಿ, ಕುಡಿಯುತ್ತಾ ವಾದ ಮಾಡುತ್ತಿದ್ದೆವು.

ಆ ಬ್ಯಾಂಡ್ ಸಿಂಗಾಪುರಕ್ಕೆ ಬರುತ್ತಿದೆ, ಇದೇ ಅವರ ಕೊನೆಯ ಸುತ್ತು ಎಂಬ ಸುದ್ದಿ ಬಂದಾಗ ನಾವು ಟಿಕೆಟ್ ಬುಕ್ ಮಾಡಿದೆವು. ಆಮೇಲೆ ಹತ್ತು ದಿನಕ್ಕೆ ನಮ್ಮ ಗಾಯಕನಿಗೆ ಆಯೋಜಕರಿಂದ ಫೋನ್ ಬಂತು. ಅವರಿಗಿಂತ ಮೊದಲು ಇಪ್ಪತ್ತೈದು ನಿಮಿಷ ನುಡಿಸಲು ಸ್ಥಳೀಯ ತಂಡವೊಂದು ಬೇಕಾಗಿತ್ತು. ಈ ಊರಿನಲ್ಲಿ ಆ ಬಗೆಯ ಸಂಗೀತ ನುಡಿಸುವವರು ನಾವಲ್ಲದೆ ಇನ್ಯಾರೂ ಉಳಿದಿರಲಿಲ್ಲ. ಒಂದೇ ಷರತ್ತು, ಅವರ ಹಾಡು ಮುಟ್ಟಬಾರದು. ಇಪ್ಪತ್ತಾರು ವರ್ಷದಲ್ಲಿ ನಾವು ಸ್ವಂತವಾಗಿ ಕಟ್ಟಿದ್ದು ಮೂರೇ ಹಾಡು. ಮೂರೂ ಸೇರಿದರೆ ಸರಿಯಾಗಿ ಇಪ್ಪತ್ತನಾಲ್ಕು ನಿಮಿಷ. ಕೊನೆಯದು ಮಲೇಷ್ಯಾದ ಜೊಹೋರಿಗೆ ಹೋಗುವ ಸೇತುವೆಯ ಮೇಲೆ ನಿಂತೇ ಉಳಿದ ಬಸ್ಸಿನ ಹಾಡು, ಡ್ರಮ್ಮರ್ ಬರೆದದ್ದು. ಮೆಲ್ಲಗೆ ಶುರುವಾಗಿ ಹನ್ನೆರಡು ನಿಮಿಷ ನಡೆಯುತ್ತದೆ, ಅದರ ನಡುವಿನ ಭಾಗವಿಡೀ ಬೇಸ್ ಗಿಟಾರಿನ ಹೆಗಲ ಮೇಲೆ.

ಕಾನ್ಸರ್ಟಿಗೆ ಇನ್ನು ಎಂಟು ವಾರವಿತ್ತು. ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ. ಸದ್ದಿನಲ್ಲಿ ಕೆಲಸ ಮಾಡುವವರೆಲ್ಲ ಒಂದು ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು, ಕುಂಯ್ ಎಂದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಆ ಸಲ ಪರೀಕ್ಷೆ ಮಾಡುವ ಹೆಂಗಸು ಬಲಗಿವಿಯದನ್ನು ಮತ್ತೊಮ್ಮೆ ಮಾಡಿದಳು. ಆಮೇಲೆ ಇನ್ನೊಮ್ಮೆ. ನಾನು ಊಹಿಸಿ ಊಹಿಸಿ ಗುಂಡಿ ಒತ್ತುತ್ತಿದ್ದೆ. ಅವಳು ಬಾಗಿಲು ತೆರೆದು, ಏನೂ ಬರದಿದ್ದಾಗಲೂ ನೀವು ಒತ್ತುತ್ತಿದ್ದೀರಿ ಎಂದಳು. ಕಿವಿ ಡಾಕ್ಟರರ ಪತ್ರ ತಂದ ಮೇಲೆಯೇ ಕಂಪನಿಗೆ ವರದಿ ಕಳಿಸುವುದಾಗಿ ಹೇಳಿದಳು.

ಯಿಶುನ್‌ನಲ್ಲಿ ನಮ್ಮ ಮನೆಯ ಹತ್ತಿರದ ಆಸ್ಪತ್ರೆಯ ಕಿವಿ ಡಾಕ್ಟರರನ್ನು ರಜೆ ಹಾಕಿ ಒಬ್ಬನೇ ಹೋಗಿ ಕಂಡೆ. ಎರಡೂ ಕಿವಿಯ ಶಕ್ತಿ ವರ್ಷಗಳ ಸದ್ದಿಗೆ ಸವೆದಿದೆ, ಬಲಗಿವಿಯಲ್ಲಿ ಅದರ ಮೇಲೆ ಇನ್ನೇನೋ ಹೊಸದು ಸೇರಿಕೊಂಡಿದೆ ಎಂದರು ಅವರು. ಬಲಗಿವಿಗೆ ಕೆಳಗಿನ ಸ್ವರಗಳೂ ಕೇಳದಾಗುತ್ತಿದ್ದವು. ಅದಕ್ಕಿಂತ ವಿಚಿತ್ರವಾದ ಇನ್ನೊಂದನ್ನು ನಾನು ಆಗಲೇ ಗಮನಿಸಿದ್ದೆ, ಅದೇನೆಂದು ಗೊತ್ತಿರಲಿಲ್ಲ ಅಷ್ಟೆ. ಒಂದೇ ಸ್ವರ ಎಡಗಿವಿಗೆ ಸರಿಯಾಗಿ, ಬಲಗಿವಿಗೆ ಅರ್ಧ ಸ್ವರ ಕೆಳಗೆ ಕೇಳುತ್ತಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ದೊಡ್ಡ ಸದ್ದಿನಿಂದ ದೂರ ಇರಬೇಕೆಂದರು, ಕಂಪನಿಗೆ ಕೊಡಲು ಪತ್ರ ಕೊಟ್ಟರು. ಆ ಪತ್ರವನ್ನು ನಾನು ಕಂಪನಿಗೆ ಕೊಡಲಿಲ್ಲ. ಮನೆಯಲ್ಲಿ ತೋರಿಸಲಿಲ್ಲ. ಬೇಸ್ ಗಿಟಾರಿನ ಚೀಲದ ಹೊರಜೇಬಿನಲ್ಲಿಟ್ಟು ಜಿಪ್ ಎಳೆದೆ.

ಮೊದಲು ಹಿಡಿದದ್ದು ಮಗಳು. ಪಾಲಿಟೆಕ್ನಿಕ್‌ನಲ್ಲಿ ಎರಡನೆಯ ವರ್ಷದಲ್ಲಿದ್ದಳು. ಒಂದು ಸಂಜೆ ನಾನು ಹಾಲ್‌ನಲ್ಲಿ ಟಿವಿ ನೋಡುತ್ತಾ ಕೂತಿದ್ದೆ. ಅವಳು ಬಂದು ಎದುರಿಗೇ ನಿಂತಳು.

"ಅಪ್ಪ, ಮೂರು ಸಲ ಕರೆದೆ. ನೀನು ಬೇಕಂತ ಇಗ್ನೋರ್ ಮಾಡ್ತಿದ್ದೀಯಾ?"

"ಟಿವಿ ಸೌಂಡಲ್ಲಿ ಕೇಳಿಸಲಿಲ್ಲ ಕಣೇ."

ಅವಳು ಟಿವಿಯ ಕಡೆ ತಿರುಗಿ ನೋಡಿದಳು, ಮತ್ತೆ ನನ್ನ ಕಡೆ. "ಟಿವಿ ಮ್ಯೂಟ್‌ನಲ್ಲಿದೆ ಲಾ" ಎಂದಳು, ಈ ಊರಿನವರ ಧಾಟಿಯಲ್ಲಿ.

ನಾನು ಕೆಳಗೆ ಬರುವ ಅಕ್ಷರಗಳನ್ನು ಓದುತ್ತಾ ಕೂತಿದ್ದೆ. ಸದ್ದು ಇಲ್ಲವೆಂದು ನನಗೆ ಗೊತ್ತೇ ಆಗಿರಲಿಲ್ಲ. ನೆಗಡಿಗೆ ಕಿವಿ ಕಟ್ಟಿಕೊಂಡಿದೆ ಎಂದು ಏನೋ ಸಬೂಬು ಹೇಳಿದೆ. ಅವಳು ನಂಬಲಿಲ್ಲ, ಆದರೆ ಅಮ್ಮನ ಎದುರು ಆ ಮಾತು ಎತ್ತಲೂ ಇಲ್ಲ.

ಸ್ಟುಡಿಯೋದಲ್ಲಿ ನಾನು ಜಾಗ ಬದಲಿಸಿದೆ, ಎಡಗಿವಿ ಡ್ರಮ್ಸ್ ಕಡೆಗೆ ಇರುವಂತೆ. ಕಣ್ಣು ಡ್ರಮ್ಮರಿನ ಬಲಗಾಲಿನ ಮೇಲೆ. ಅವನು ಪೆಡಲ್ ಒತ್ತಿದಾಗ ನನ್ನ ಬೆರಳು ತಂತಿ ಮೀಟಬೇಕು. ಅಷ್ಟು ವರ್ಷ ಅದನ್ನು ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಸ್ವರದ ವಿಷಯಕ್ಕೆ ಗಿಟಾರಿನ ಕುತ್ತಿಗೆಯ ಮೇಲೆ ವೀಣೆಯ ಮೆಟ್ಟಿಲುಗಳ ಹಾಗಿರುವ ಫ್ರೆಟ್‌ಗಳಿದ್ದವಲ್ಲ, ಎಣಿಸಿ ಬೆರಳಿಟ್ಟರೆ ತಪ್ಪಾಗದು ಎಂದುಕೊಂಡೆ. ಆದರೆ ಬೇಸ್ ನುಡಿಸುವವನ ಕೈ ಕಿವಿಯ ಮಾತು ಕೇಳಿ ಅಭ್ಯಾಸವಾಗಿರುತ್ತದೆ. ಬಸ್ಸಿನ ಹಾಡಿನ ನಡುವೆ ಬಲಗಿವಿ ಕೆಳಗಿದೆ ಎಂದಿತು, ಬೆರಳು ತಾನೇ ಒಂದು ಫ್ರೆಟ್ ಮೇಲೆ ಹೋಯಿತು.

ವಾಚ್ ಅಂಗಡಿಯವನು ನುಡಿಸುವುದನ್ನು ನಿಲ್ಲಿಸಿ ಯಾರದೋ ಸ್ವರ ಸರಿಯಿಲ್ಲ ಎಂದ. ಅವನು ಯಾರನ್ನೂ ಬೊಟ್ಟು ಮಾಡಿ ತೋರಿಸಲಿಲ್ಲ, ಅದು ಅವನ ಸ್ವಭಾವವಲ್ಲ.

"ನಿನ್ನ ಸ್ಲೈಡ್ ಇರಬಹುದು" ಎಂದೆ ನಾನು.

ಯೋಚಿಸಿ ಹೇಳಿದ ಮಾತಲ್ಲ, ಬಾಯಿಂದ ಬಂದುಬಿಟ್ಟಿತು. ಅವನ ಹಾಗೆ ಗಾಜಿನ ಕೊಳವೆ ಜಾರಿಸಿ ನುಡಿಸುವವನಿಗೆ ಫ್ರೆಟ್‌ನ ಆಸರೆಯಿಲ್ಲ. ಕೂದಲೆಳೆಯಷ್ಟು ಆಚೀಚೆಯಾದರೂ ಅಪಸ್ವರ. ಅದಕ್ಕೇ ಅವನು ನನ್ನ ಮಾತನ್ನು ನಂಬಿದ. ತಲೆಯಾಡಿಸಿ, ಕ್ಷಮೆ ಕೇಳಿ, ಮತ್ತೆ ಮೊದಲಿಂದ ಶುರುಮಾಡಿದ. ಡ್ರಮ್ಮರ್ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲಿನ ಎರಡು ಭಾನುವಾರಗಳಲ್ಲೂ ಅದೇ ಜಾಗದಲ್ಲಿ ಅದೇ ಆಯಿತು. ಎರಡು ಸಲವೂ ಆ ಮನುಷ್ಯ ತಾನೇ ಮುಂದಾಗಿ, ತಪ್ಪು ತನ್ನದೇ ಇರಬೇಕು ಎಂದ. ನಾನು ಗಿಟಾರಿನ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ಕಾನ್ಸರ್ಟಿಗೆ ಮೂರು ವಾರವಿದ್ದಾಗ ಕೆಲಸದಲ್ಲಿ ಆ ಘಟನೆ ನಡೆಯಿತು.

ದುರಸ್ತಿಯಾದ ಎಂಜಿನನ್ನು ವಿಮಾನಕ್ಕೆ ಕೂರಿಸಿದ ಮೇಲೆ ನೆಲದ ಮೇಲೆಯೇ ಓಡಿಸಿ ನೋಡುತ್ತೇವೆ. ಅವತ್ತು ಕಾಕ್‌ಪಿಟ್‌ನಲ್ಲಿ ಕೂತು ಓಡಿಸುತ್ತಿದ್ದವನು ನಾನು. ಹೊರಗೆ, ನನಗೆ ಕಾಣುವ ಹಾಗೆ, ಸಹೋದ್ಯೋಗಿಯೊಬ್ಬ ಹೆಡ್‌ಸೆಟ್ ಹಾಕಿಕೊಂಡು ನಿಂತಿದ್ದ. ಎಂಜಿನ್ ಹತ್ತಿರ ಏನು ನಡೆಯುತ್ತಿದೆಯೆಂದು ನನಗೆ ಹೇಳುವುದು ಅವನ ಕೆಲಸ. ಎಂಜಿನ್ ನಿಧಾನಗತಿಯಲ್ಲಿ ತಿರುಗುತ್ತಿರುವಾಗ ಫಿಲಿಪೀನ್ಸ್‌ನ ಹಿರಿಯ ಮೆಕ್ಯಾನಿಕ್ ಒಬ್ಬ ಟಾರ್ಚ್ ಹಿಡಿದು ಎಣ್ಣೆ ಸೋರುತ್ತಿದೆಯೇ ಎಂದು ನೋಡಲು ಅದರ ಪಕ್ಕಕ್ಕೆ ಹೋದ. ಹೆಡ್‌ಸೆಟ್‌ನಲ್ಲಿ 'ಹೋಲ್ಡ್' ಎಂಬ ಮಾತು ಬಂತು. ನನಗೆ ಕೇಳಿದ್ದು 'ಗೋ'. ಕೇಳಿದ್ದನ್ನು ತಿರುಗಿ ಹೇಳಿ, ಅವನು ಹೌದು ಎನ್ನುವ ತನಕ ಕಾಯುವುದು ನಿಯಮ. ನಾನು ತಿರುಗಿ ಹೇಳಿದೆ, ಕಾಯಲಿಲ್ಲ. ಎಂಜಿನ್ನಿನ ವೇಗ ಏರಿಸುವ ಹಿಡಿಯನ್ನು, ಥ್ರಾಟಲನ್ನು, ಮುಂದಕ್ಕೆ ತಳ್ಳಿದೆ.

ಹೊರಗಿದ್ದವನು ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಲಾಗಿ ಕಟ್ಟಿ ಓಡೋಡಿ ಬಂದ. ಅವನ ಬಾಯಿ ದೊಡ್ಡದಾಗಿ ತೆರೆದಿತ್ತು. ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ಆರಿಸಿದೆ. ಎರಡು ಸೆಕೆಂಡ್ ಆಗಿರಬೇಕು, ಮೂರು. ಇಳಿದುಹೋದಾಗ ಮೆಕ್ಯಾನಿಕ್ ನೆಲದ ಮೇಲೆ ಕೂತಿದ್ದ. ಎಂಜಿನ್ನಿನ ಗಾಳಿಯ ರಭಸಕ್ಕೆ ಟೋಪಿ, ಟಾರ್ಚ್ ಎಲ್ಲೋ ಹಾರಿಹೋಗಿದ್ದವು. ಮೊಣಕೈ ತರಚಿತ್ತು, ಅಷ್ಟೆ. ಇನ್ನು ಒಂದು ಹೆಜ್ಜೆ ಹಿಂದಿದ್ದಿದ್ದರೆ ಎಂಬ ವಾಕ್ಯವನ್ನು ಅಲ್ಲಿದ್ದ ಯಾರೂ ಪೂರ್ತಿ ಮಾಡಲಿಲ್ಲ. ಅವನು ನನ್ನನ್ನು ನೋಡಿ, ನೀನು ಸುಸ್ತಾಗಿದ್ದೆಯೇನು ಎಂದು ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನಗೊಂದು ನೆಪ ಕೊಡುತ್ತಿದ್ದ. ಹೌದು ಎಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತೋ ಏನೋ.

ನಾನು ಸೂಪರ್‌ವೈಸರ್ ಹತ್ತಿರ ಹೋಗಿ ಡಾಕ್ಟರರ ಪತ್ರದ ವಿಷಯ ಹೇಳಿದೆ. ಅವರು ಎಷ್ಟು ದಿನದಿಂದ ಎಂದು ಕೇಳಿದರು. ಐದು ವಾರ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. ಎಂಜಿನ್ ಓಡಿಸುವ ಅನುಮತಿಯನ್ನು ಅವತ್ತೇ ಹಿಂದಕ್ಕೆ ಪಡೆದರು. ಮರುದಿನದಿಂದ ದಾಖಲೆ ಪರಿಶೀಲಿಸುವ ಕೋಣೆಯಲ್ಲಿ ನನಗೊಂದು ಮೇಜು. ವಿಚಾರಣೆ ನಡೆಯಿತು, ಎಚ್ಚರಿಕೆಯ ಪತ್ರ ಬಂತು. ಇದ್ದದ್ದನ್ನೆಲ್ಲ ಒಪ್ಪಿಕೊಂಡೆ.

ಅವತ್ತು ಮನೆಗೆ ಬಂದು ಹೆಂಡತಿಗೂ ಹೇಳಿದೆ. ಚಪಾತಿ ಲಟ್ಟಿಸುತ್ತಿದ್ದವಳು ಒಲೆ ಆರಿಸಿ ಕೂತಳು. ಮೆಕ್ಯಾನಿಕ್‌ನ ಬಗ್ಗೆ ಕೇಳಿದಳು. ಅವನಿಗೆ ಮಕ್ಕಳೆಷ್ಟು ಎಂದು ಕೇಳಿದಳು, ನನಗೆ ಗೊತ್ತಿರಲಿಲ್ಲ. ಆಮೇಲೆ, "ಬ್ಯಾಂಡ್‌ನೋರಿಗೆ ಹೇಳಿದ್ರಾ?" ಎಂದಳು.

"ಇನ್ನು ಮೂರೇ ವಾರ. ಕಾನ್ಸರ್ಟ್ ಮುಗೀಲಿ, ಆಮೇಲೆ ಹೇಳ್ತೀನಿ."

"ಆಫೀಸಲ್ಲೂ ಆಮೇಲೆ ಹೇಳ್ತೀನಿ ಅಂತಾನೇ ತಾನೇ ಇದ್ದಿದ್ದು ನೀವು?"

ಗಿಟಾರಿನಿಂದ ಯಾರೂ ಸಾಯುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅವಳು ಎದ್ದು ಮತ್ತೆ ಒಲೆ ಹಚ್ಚಿದಳು. ಮೂರು ದಿನ ನಮ್ಮಿಬ್ಬರ ನಡುವೆ ಅಗತ್ಯದ ಮಾತುಗಳು ಮಾತ್ರ.

ಮುಂದಿನ ಭಾನುವಾರ ಅಭ್ಯಾಸ ಮುಗಿದ ಮೇಲೆ ಡ್ರಮ್ಮರ್ ನನ್ನೊಬ್ಬನನ್ನೇ ಕೆಳಗಿನ ತಿಂಡಿ ಅಂಗಡಿಗಳ ಸಾಲಿಗೆ, ಹಾಕರ್ ಸೆಂಟರಿಗೆ, ಕರೆದ. ಯಾವಾಗಲೂ ಎದುರಿಗೆ ಕೂರುವವನು ಅವತ್ತು ನನ್ನ ಬಲಗಡೆ ಕೂತ. ಕೋಪಿ ಬಂತು. ಲೋಟವನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದ. ಹೌದು ಹೌದು, ಚೆನ್ನಾಗಿಯೇ ಆಯಿತು ಎಂದೆ. ಅವನು ಲೋಟ ಕೆಳಗಿಟ್ಟ.

"ನನ್ನ ತಂಗಿ ಆಸ್ಪತ್ರೆಯಲ್ಲಿದ್ದಾಳೆ ಅಂದೆ" ಎಂದ, ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ. "ಸುಳ್ಳು. ಅವಳು ಆರಾಮಾಗಿದ್ದಾಳೆ. ನೀನು ಒಂದು ತಿಂಗಳಿಂದ ನನ್ನ ಕಾಲು ನೋಡ್ತಿದ್ದೀಯ. ಮೊದಲು ಯಾವತ್ತೂ ನೋಡ್ತಿರಲಿಲ್ಲ."

ಎಲ್ಲವನ್ನೂ ಹೇಳಿದೆ. ಎಂಜಿನ್ನಿನದನ್ನೂ ಹೇಳಿದೆ. ಒಂದನ್ನು ಮಾತ್ರ ನುಂಗಿಕೊಂಡೆ, ಸ್ಲೈಡ್ ಮೇಲೆ ತಪ್ಪು ಹೊರಿಸಿದ್ದನ್ನು. ಅದು ಅವನಿಗೆ ಆಗಲೇ ಗೊತ್ತಿತ್ತೆಂದು ನನಗೆ ತಿಳಿದದ್ದು ಆಮೇಲೆ. ಉಳಿದಿಬ್ಬರಿಗೂ ಇವತ್ತೇ ಹೇಳು ಎಂದ. ನಾನು ಬೇಡಿಕೊಂಡೆ. ಐವತ್ತೇಳು ವರ್ಷದ ನಾನು ಹಾಕರ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಇದೊಂದು ಕಾನ್ಸರ್ಟ್ ಮುಗಿಯಲಿ ಎಂದು ಅವನ ಕೈ ಹಿಡಿದುಕೊಂಡೆ. ಅವನಿಗೂ ಆ ಕಾನ್ಸರ್ಟ್ ಬೇಕಾಗಿತ್ತು, ಅದು ನನಗೆ ಗೊತ್ತಿತ್ತು, ಅದನ್ನೇ ನಾನು ಬಳಸಿಕೊಂಡೆ.

"ಊಹೆ ಮಾಡಿ ನುಡಿಸಬೇಡ" ಎಂದ ಕೊನೆಗೆ. "ಸ್ವರ ಕೈತಪ್ಪಿತು ಅನಿಸಿದರೆ ಕೈ ಎತ್ತು. ಉಳಿದದ್ದು ನಾನು ನೋಡ್ಕೊಳ್ತೀನಿ. ಆದರೆ ಊಹೆ ಮಾಡಬೇಡ."

ಒಪ್ಪಿಕೊಂಡೆ.

ಕಾನ್ಸರ್ಟಿನ ದಿನ ಮಧ್ಯಾಹ್ನವೇ ನಮ್ಮನ್ನು ಸೌಂಡ್ ಚೆಕ್‌ಗೆ ಕರೆದಿದ್ದರು. ವೇದಿಕೆಯ ಹಿಂದಿನ ಉದ್ದನೆಯ ಓಣಿಯಲ್ಲಿ ಕಪ್ಪು ಪೆಟ್ಟಿಗೆಗಳು ಸಾಲಾಗಿದ್ದವು. ಅವುಗಳ ಮೇಲೆ ಎಷ್ಟೋ ಊರುಗಳ ಚೀಟಿ, ಒಂದರ ಮೇಲೊಂದು. ಪೆಟ್ಟಿಗೆಗಳ ನಡುವೆ ಆ ಬ್ಯಾಂಡಿನ ಹಿರಿಯ ಗಿಟಾರಿಸ್ಟ್ ನಡೆದು ಬಂದ. ನನ್ನ ಹಾಸ್ಟೆಲ್ ಗೋಡೆಯ ಮೇಲಿದ್ದ ಚಿತ್ರದಲ್ಲಿ ಅವನಿಗೆ ಸೊಂಟದವರೆಗೆ ಕೂದಲಿತ್ತು. ಈಗ ಬಿಳಿ ಗಡ್ಡ, ಮಂಡಿಗೆ ಪಟ್ಟಿ, ಕಾಲಲ್ಲಿ ಹವಾಯಿ ಚಪ್ಪಲಿ. ನನ್ನನ್ನು ನಿಲ್ಲಿಸಿ ಟಾಯ್ಲೆಟ್ ಎಲ್ಲಿ ಎಂದು ಕೇಳಿದ. ಓಣಿಯ ತುದಿಯಲ್ಲಿ ಎಡಕ್ಕೆ ಎಂದೆ. ಅವನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ, ಸ್ವಲ್ಪ ಜೋರಾಗಿ. ಆಗ ನನಗೆ ಕಂಡಿತು. ಅವನು ನನ್ನ ಕಣ್ಣನ್ನಲ್ಲ, ಬಾಯಿಯನ್ನು ನೋಡುತ್ತಿದ್ದ. ತುಟಿ ಅಲುಗುವುದಕ್ಕೆ ಕಾಯುವ ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ತಿಂಗಳಿಂದ ನಾನು ಎಲ್ಲರನ್ನೂ ಹಾಗೇ ನೋಡುತ್ತಿದ್ದೆ. ಕೈಯೆತ್ತಿ ದಿಕ್ಕು ತೋರಿಸಿದೆ. ಅವನು ತಲೆಬಾಗಿ ಹೊರಟುಹೋದ. ಜೀವಮಾನವಿಡೀ ಅವನಿಗೆ ಹೇಳಬೇಕೆಂದುಕೊಂಡಿದ್ದ ಮಾತುಗಳು ಬಾಯಲ್ಲೇ ಉಳಿದವು. ಹೇಳಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಏಳೂವರೆಗೆ ನಮ್ಮನ್ನು ವೇದಿಕೆಗೆ ಬಿಟ್ಟರು. ಸಭಾಂಗಣ ಮುಕ್ಕಾಲು ತುಂಬಿತ್ತು. ಹೆಂಡತಿ, ಮಗಳು ಎಲ್ಲೋ ಎಡಗಡೆ ಕೂತಿದ್ದರು. ಮೊದಲ ಹಾಡು ದಾಟಿತು. ಎರಡನೆಯದೂ ದಾಟಿತು. ಚಪ್ಪಾಳೆ ನನಗೆ ದೂರದಲ್ಲಿ ಯಾರೋ ಗೋಣಿಚೀಲ ಎಳೆದ ಹಾಗೆ ಕೇಳಿತು.

ಬಸ್ಸಿನ ಹಾಡು ಶುರುವಾಯಿತು. ನಮ್ಮ ಸ್ಟುಡಿಯೋ ಎಂದರೆ ಹತ್ತಡಿ ಕೋಣೆ, ಅಲ್ಲಿ ನನ್ನ ಸದ್ದು ನನ್ನ ಬೆನ್ನಿಗೇ ತಗಲುತ್ತಿತ್ತು. ಇಲ್ಲಿ ಅದು ಹೋಗಿ, ಸಭಾಂಗಣದ ಹಿಂದಿನ ಗೋಡೆಗೆ ಬಡಿದು, ತಡವಾಗಿ ಮರಳುತ್ತಿತ್ತು. ಎಡಗಿವಿಯಲ್ಲಿ ಈಗ ನುಡಿಸಿದ್ದು, ಬಲಗಿವಿಯಲ್ಲಿ ಆಗ ನುಡಿಸಿದ್ದು, ಅದೂ ಅರ್ಧ ಸ್ವರ ಕೆಳಗೆ. ನಡುವಿನ ಭಾಗಕ್ಕೆ ಬಂದಾಗ ಎಲ್ಲವೂ ಕಲಸಿಹೋಯಿತು. ಬೆರಳು ಒಂದು ಕಡೆ ಇಟ್ಟೆ. ವಾಚ್ ಅಂಗಡಿಯವನ ತಲೆ ಥಟ್ಟನೆ ನನ್ನ ಕಡೆ ತಿರುಗಿತು. ಒಂದು ಫ್ರೆಟ್ ಕೆಳಗೆ ಬಂದೆ. ಅವನ ಮುಖ ಇನ್ನೂ ಬಿಗಿಯಾಯಿತು. ಮೂರನೆಯ ಕಡೆ ಇಡಬಹುದಿತ್ತು. ಸರಿಯಾಗಿಬಿಡುವ ಸಾಧ್ಯತೆಯೂ ಇತ್ತು. ಬೆರಳು ತಂತಿಯ ಮೇಲೆ ಬಾಗಿತ್ತು, ಡ್ರಮ್ಮರಿನ ಕಾಲು ಏಳುತ್ತಿತ್ತು, ಇನ್ನು ಅರ್ಧ ಸೆಕೆಂಡು. ನೆಲದ ಮೇಲೆ ಕೂತಿದ್ದ ಆ ಮೆಕ್ಯಾನಿಕ್‌ನ ಮುಖ ನನ್ನ ಕಣ್ಣಿಗೆ ಬಂತು.

ಕೈ ಎತ್ತಿದೆ.

ಹಾಡಿನ ತಳ ಕುಸಿದದ್ದು ನನಗೂ ಗೊತ್ತಾಯಿತು, ಪಾದಗಳಿಗೆ ಗೊತ್ತಾಯಿತು. ಡ್ರಮ್ಮರ್ ತಡಮಾಡಲಿಲ್ಲ. ಪಕ್ಕದ ದೊಡ್ಡ ಡ್ರಮ್ಮಿಗೆ ಎರಡೂ ಕೋಲು ಇಳಿಸಿ, ನಾನು ಬಿಟ್ಟ ಜಾಗವನ್ನೆಲ್ಲ ಗುಡುಗಿಸತೊಡಗಿದ. ವಾಚ್ ಅಂಗಡಿಯವನಿಗೆ ಏನೂ ಅರ್ಥವಾಗಿರಲಾರದು. ಆದರೂ ಅವನು ಗಾಜಿನ ಕೊಳವೆಯನ್ನು ಅತಿ ಕೆಳಗಿನ ತಂತಿಗೆ ತಂದು ಅಲ್ಲಿಂದ ಮೇಲಕ್ಕೆ ಎಳೆದ. ಅವನು ಅಷ್ಟು ಧೈರ್ಯವಾಗಿ ನುಡಿಸಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ನಾನು ತಂತಿಗಳ ಮೇಲೆ ಅಂಗೈ ಇಟ್ಟು ನಿಂತಿದ್ದೆ. ದೀಪದ ಬೆಳಕು ನನ್ನ ಮೇಲೂ ಇತ್ತು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲಿಲ್ಲ. ಗಾಯಕ ಮೈಕ್ ಬಿಟ್ಟು ನನ್ನ ಹತ್ತಿರ ಬಂದು ಹುಬ್ಬೇರಿಸಿದ. ಕಿವಿ ಮುಟ್ಟಿ ತೋರಿಸಿ, ಇಲ್ಲವೆಂದು ತಲೆಯಾಡಿಸಿದೆ. ಅವನು ನನ್ನನ್ನು ದಿಟ್ಟಿಸಿ ನೋಡಿದ. ಆಮೇಲೆ ಮೈಕಿಗೆ ಮರಳಿ ಕೊನೆಯ ಚರಣ ಎತ್ತಿಕೊಂಡ.

ಆ ಹಾಡು ಮುಗಿಯುವುದು ಬೇಸ್‌ನ ಅತಿ ದಪ್ಪ ತಂತಿಯ ಮೇಲೆ, ಎಲ್ಲೂ ಬೆರಳಿಡದೆ ಬರಿದೇ ಮೀಟುವ ಒಂದೇ ಸ್ವರದಲ್ಲಿ. ಅಲ್ಲಿ ಊಹಿಸಲು ಏನೂ ಇಲ್ಲ. ಡ್ರಮ್ಮರ್ ಕಣ್ಣಿನಲ್ಲೇ ಕರೆದ. ಕೊನೆಯ ನಾಲ್ಕು ಸುತ್ತು ನಾನೂ ಸೇರಿಕೊಂಡೆ.

ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಎಲ್ಲವನ್ನೂ ಹೇಳಿದೆ. ಗಾಯಕನಿಗೆ ಸಿಟ್ಟು ಬಂದದ್ದು ನಾನು ನಿಲ್ಲಿಸಿದ್ದಕ್ಕಲ್ಲ, ಹೇಳದೆ ವೇದಿಕೆ ಹತ್ತಿದ್ದಕ್ಕೆ. ಪಾಠ ಹೇಳುವ ದನಿಯಲ್ಲಿ, ನಮ್ಮ ಮೂವರನ್ನೂ ಏನೆಂದುಕೊಂಡಿದ್ದೆ ಎಂದು ಕೇಳಿದ. ಡ್ರಮ್ಮರ್ ತನಗೆ ಮೊದಲೇ ಗೊತ್ತಿತ್ತೆಂದು ಒಪ್ಪಿಕೊಂಡ. ಅವನಿಗೂ ಬೈಗುಳ ಬಿತ್ತು. ವಾಚ್ ಅಂಗಡಿಯವನು ಮಾತ್ರ ಬೆನ್ನು ತಿರುಗಿಸಿ ಗಿಟಾರನ್ನು ಒರೆಸುತ್ತಾ ನಿಂತಿದ್ದ.

"ಆ ದಿನ ನಿನ್ನ ಸ್ಲೈಡ್ ಅಂದೆನಲ್ಲ" ಎಂದೆ. "ಅದು ನಾನು."

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. "ನನ್ನ ಕಿವಿ ಹೋಯಿತು ಅಂದುಕೊಂಡೆ" ಎಂದ. "ದಿನಾ ಅಂಗಡಿ ಮುಚ್ಚಿದ ಮೇಲೆ ಒಬ್ಬನೇ ಸ್ವರ ನೋಡೋ ಮಶೀನ್ ಇಟ್ಟುಕೊಂಡು ನುಡಿಸ್ತಿದ್ದೆ. ಮಶೀನ್ ಸರಿ ಅಂತಿತ್ತು. ನಾನು ಮಶೀನೇ ಕೆಟ್ಟಿದೆ ಅಂದುಕೊಂಡೆ. ನೀನು ಸುಳ್ಳು ಹೇಳ್ತೀಯ ಅಂತ ಅಂದುಕೊಳ್ಳಲಿಲ್ಲ."

ನಾನು ಬೇಸ್ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ.

ಆ ಅಮೆರಿಕನ್ ಬ್ಯಾಂಡನ್ನು ನಾನು ಹೆಂಡತಿ ಮಗಳ ನಡುವೆ ಕೂತು ನೋಡಿದೆ. ಕಿವಿಯೊಳಗೆ ಸ್ಪಂಜಿನ ಬಿರಡೆ, ಅದರ ಮೇಲೆ ಕೆಲಸದ ಜಾಗದಲ್ಲಿ ಹಾಕುವ ದಪ್ಪ ಕಿವಿಮುಚ್ಚು. ಅದನ್ನು ಮನೆಯಿಂದ ತಂದಿದ್ದವಳು ಹೆಂಡತಿ. ಅಕ್ಕಪಕ್ಕದವರು ವಿಚಿತ್ರವಾಗಿ ನೋಡಿದರು. ಮಗಳು ಫೋನಿನಲ್ಲಿ ಟೈಪ್ ಮಾಡಿ ಮಾಡಿ ನನ್ನ ಮುಂದೆ ಹಿಡಿಯುತ್ತಿದ್ದಳು: ಈಗ ಮೂರೂ ಗಿಟಾರ್. ಈಗ ಆ ತಾತ ಒಬ್ಬನೇ. ಸೂಪರ್ ಆಗಿದೆ ಅಪ್ಪ. ಆ ತಾತನ ಕಣ್ಣು ಒಮ್ಮೆಯೂ ಜನರ ಕಡೆ ಬರಲಿಲ್ಲ. ಉದ್ದಕ್ಕೂ ಅವರ ಡ್ರಮ್ಮರಿನ ಕಾಲಿನ ಮೇಲಿತ್ತು. ಆ ಸಭಾಂಗಣದಲ್ಲಿ ಅದನ್ನು ಗಮನಿಸಿದವನು ನಾನೊಬ್ಬನೇ ಇರಬೇಕು. ಹತ್ತೊಂಬತ್ತು ನಿಮಿಷದ ಆ ಹಾಡು ಅವತ್ತು ಎಂಟು ನಿಮಿಷಕ್ಕೆ ಮುಗಿಯಿತೆಂದು ಮಗಳು ಬರೆದು ತೋರಿಸಿದಳು. ಅವನ ಬಗ್ಗೆ ನನಗೆ ಕನಿಕರ ಬಂತು, ಹೊಟ್ಟೆಕಿಚ್ಚೂ ಬಂತು.

ಮಾತ್ರೆಗಳಿಂದ ಎಡಗಿವಿ ಅಷ್ಟಕ್ಕೇ ನಿಂತಿದೆ. ಬಲಗಿವಿ ಮರಳಲಿಲ್ಲ. ಎರಡಕ್ಕೂ ಯಂತ್ರ ಬಂತು. ಮಾತಿಗೆ ಸಾಕು, ಸಂಗೀತಕ್ಕೆ ಸಾಲದು. ವಾಚ್ ಅಂಗಡಿಯವನು ನನ್ನ ಮೆಸೇಜುಗಳಿಗೆ ಉತ್ತರಿಸಲಿಲ್ಲ. ಎರಡು ತಿಂಗಳಾದ ಮೇಲೆ ಅಂಗಡಿಗೇ ಹೋದೆ. ಗಿರಾಕಿಯೊಬ್ಬರ ಗಡಿಯಾರದ ಮೇಲೆ ಬಾಗಿದ್ದವನು ತಲೆಯೆತ್ತಲಿಲ್ಲ, ಆದರೆ ಎದುರಿನ ಸ್ಟೂಲಿನ ಮೇಲಿದ್ದ ಪೇಪರ್ ತೆಗೆದು ಪಕ್ಕಕ್ಕಿಟ್ಟ. ನಾನು ಕೂತೆ. ಅವತ್ತು ಹೆಚ್ಚು ಮಾತಾಡಲಿಲ್ಲ. ಮುಂದಿನ ವಾರ ಮತ್ತೆ ಹೋದೆ. ಮೂರನೆಯ ಸಲ ಅವನೇ ಕೋಪಿ ತರಿಸಿದ.

ಬ್ಯಾಂಡಿಗೆ ಈಗ ಬೇಸ್ ನುಡಿಸುವವಳು ಪ್ರೈಮರಿ ಶಾಲೆಯೊಂದರ ಸಂಗೀತ ಟೀಚರ್, ನಲವತ್ತು ದಾಟಿದವಳು. ಬಸ್ಸಿನ ಹಾಡಿನ ನಡುವಿನ ಭಾಗ ಎಲ್ಲೂ ಬರೆದಿಟ್ಟಿರಲಿಲ್ಲ, ಅದು ನನ್ನ ಕೈಯಲ್ಲಿ ಮಾತ್ರ ಇತ್ತು. ಒಂದು ಶನಿವಾರ ಅವಳು ಯಿಶುನ್‌ಗೆ, ನಮ್ಮ ಮನೆಗೆ ಬಂದಳು. ಹೆಂಡತಿ ಉಪ್ಪಿಟ್ಟು ಮಾಡಿದ್ದಳು. ನಾನು ಕಿವಿಯ ಯಂತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟು, ವೈರ್ ಸಿಕ್ಕಿಸದೆಯೇ ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡೆ. ನಾನು ಬೆರಳಿಟ್ಟ ಕಡೆಯೆಲ್ಲ ಅವಳು ತನ್ನ ಗಿಟಾರಿನಲ್ಲಿ ಬೆರಳಿಟ್ಟಳು. ಅರ್ಧಕ್ಕೆ ಬಂದಾಗ ಅವಳು ಕೈ ತಡೆದು, ಇಲ್ಲಿ ನೀವು ಯಾಕೆ ಇಷ್ಟು ಹೊತ್ತು ಕಾಯುತ್ತೀರಿ ಎಂದು ನಿಧಾನವಾಗಿ, ತುಟಿ ಕಾಣುವ ಹಾಗೆ ಕೇಳಿದಳು. ಬಸ್ಸು ಇನ್ನೂ ಹೊರಟಿಲ್ಲ ಎಂದೆ. ಅವಳು ನಕ್ಕಳು, ಪೆನ್ಸಿಲಿನಲ್ಲಿ ಏನೋ ಗುರುತು ಹಾಕಿಕೊಂಡಳು, ಮತ್ತೆ ಮೊದಲಿಂದ ನುಡಿಸಿದಳು.